ಎಡೆಗೆ ಬೀಳುವ ಮುನ್ನ

ಮಠದಲ್ಲಿ ಬೆಳೆದವನಿಗೆ ಅನ್ನವನ್ನು ಬೇಡವೆನ್ನುವುದು ಬಹು ಕಷ್ಟದ ಕೆಲಸ. ಎಂಟನೆಯ ವಯಸ್ಸಿನಲ್ಲಿ ನಾನು ಗದಗ ಸೀಮೆಯ ಒಂದು ಮಠದ ಉಚಿತ ಪ್ರಸಾದ ನಿಲಯವನ್ನು ಸೇರಿದೆ. ಅಲ್ಲಿಂದ ಹದಿನಾಲ್ಕು ವರ್ಷ ದಾಸೋಹದ ಅನ್ನವನ್ನುಂಡೇ ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಅಭ್ಯಸಿಸಿದೆ. ಎಡೆಗೆ ಬಂದದ್ದು ಪ್ರಸಾದ. ಅದರಲ್ಲಿ ಒಂದು ಅಗುಳೂ ಉಳಿಯಕೂಡದು. ಉಂಡಾದ ಮೇಲೆ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯಬೇಕು. ಅಮರಕೋಶ ಬಾಯಿಪಾಠವಾಗುವ ಮೊದಲೇ ಈ ಪಾಠ ಮೈಗೂಡಿತು. ಇಷ್ಟೊಂದು ಪವಿತ್ರವಾದ ಅಭ್ಯಾಸವೂ ಮನುಷ್ಯನನ್ನು ರೋಗಿಯನ್ನಾಗಿ ಮಾಡಬಲ್ಲದೆಂಬುದು ನನಗೆ ತಿಳಿದದ್ದು ಅರವತ್ತೈದನೆಯ ವಯಸ್ಸಿನಲ್ಲಿ, ಬಂಟ್ವಾಳದ ಒಂದು ಬಾಡಿಗೆ ಮನೆಯ ಜಗಲಿಯ ಮೇಲೆ.

ನನ್ನ ಮಗ ಬಂಟ್ವಾಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಅಧ್ಯಾಪಕ. ದಕ್ಷಿಣ ಕನ್ನಡದ ಸರಕಾರಿ ಶಾಲೆಗಳಲ್ಲಿ ನಮ್ಮ ಕಡೆಯ, ಎಂದರೆ ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅಧ್ಯಾಪಕರು ಬಹುಸಂಖ್ಯೆಯಲ್ಲಿದ್ದಾರೆ. ತುಳು ಬಾರದೆ ಬಂದವರು ನಾಲ್ಕೈದು ವರ್ಷಗಳಲ್ಲಿ ಅದನ್ನು ಕಲಿತು, ಊರಿನವರೇ ಆಗಿಬಿಡುತ್ತಾರೆ. ಆದರೂ ಬಸವ ಜಯಂತಿ ಬಂದಾಗ ಅವರಿಗೆ ಜೋಳದ ರೊಟ್ಟಿಯ ನೆನಪಾಗುತ್ತದೆ. ಬಿ.ಸಿ.ರೋಡಿನ ಸುತ್ತಮುತ್ತಲಿನ ಹತ್ತಿಪ್ಪತ್ತು ಕುಟುಂಬಗಳು ಒಂದೆಡೆ ಸೇರಿ ಪೂಜೆ, ಪ್ರವಚನ, ಪ್ರಸಾದಗಳನ್ನು ನಡೆಸುತ್ತವೆ. 2024ರ ಜಯಂತಿಯ ಪ್ರವಚನಕ್ಕೆ ನನ್ನನ್ನೇ ಕರೆಸಿಕೊಂಡಿದ್ದರು.

ಅಂದು ನಾನು ಮಾತನಾಡಿದ್ದು ಶರಣರು ಕಾಯವನ್ನು ಕಂಡ ಬಗೆಯ ಕುರಿತು. ದೇಹವನ್ನು ಹೊಲಸೆಂದು ತಿರಸ್ಕರಿಸದೆ, ಅದನ್ನೇ ಗುಡಿಯೆಂದು ಭಾವಿಸಿದವರು ಅವರು ಎಂದು ಒಂದು ತಾಸು ವಿವರಿಸಿದೆ. ಆ ಬಳಿಕ ಪ್ರಸಾದಕ್ಕೆ ಕುಳಿತೆ. ಒಬ್ಬೊಬ್ಬ ತಾಯಿಯೂ ತನ್ನ ಮನೆಯಿಂದ ಹೋಳಿಗೆ ಮಾಡಿ ತಂದಿದ್ದಳು. "ನಮ್ಮ ಮನಿದೂ ಒಂದ್ ಆಗ್ಲೇಬೇಕ್ರೀ ಶಾಸ್ತ್ರಿಗಳೇ" ಎಂದು ಐದು ಕೈಗಳು ಐದು ಹೋಳಿಗೆ ಬಡಿಸಿದವು, ಮೇಲೆ ತುಪ್ಪ. ಎಡೆಗೆ ಬಿದ್ದದ್ದನ್ನು ಬಿಡುವಂತಿಲ್ಲ. ಐದನ್ನೂ ಉಂಡು, ತಟ್ಟೆ ತೊಳೆದು ಕುಡಿದೆ. ಗುಡಿಯ ಬಗ್ಗೆ ಮಾತನಾಡಿದವನು ಗುಡಿಗೆ ಮಾಡಿದ ಸೇವೆ ಅದು!

ಆ ರಾತ್ರಿ ಐದು ಬಾರಿ ಎದ್ದೆ, ಬಾಯಾರಿಕೆಯಂತೂ ತಡೆಯದಾಯಿತು. ಕರಾವಳಿಯ ಸೆಕೆಯೆಂದು ಸಮಾಧಾನ ಮಾಡಿಕೊಂಡೆ. ಸೊಸೆ ಮಾತ್ರ ಅದನ್ನು ಗಮನಿಸಿದ್ದಳು. ನಾಲ್ಕನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ, "ನಮ್ಮ ಮಾವನವರನ್ನೂ ಒಮ್ಮೆ ನೋಡ್ರಿ" ಎಂದಳು. "ನಾನು ಈ ಊರಿನವನಲ್ಲ ತಾಯಿ" ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆಕೆ ನಕ್ಕು, "ಊರಿನವರಲ್ಲದಿದ್ದರೇನು ಅಜ್ಜ? ಕಾಯಿಲೆಗೆ ಊರುಂಟಾ?" ಎಂದು ಚೀಲದಿಂದ ಅಳತೆಯ ಪಟ್ಟಿ ತೆಗೆದಳು.

ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರನ್ನೂ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳಿಗಾಗಿ ತಪಾಸಣೆ ಮಾಡುವ ಯೋಜನೆಯೊಂದು ಸರಕಾರದಲ್ಲಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬಿಸಿಕೊಳ್ಳುವ ಒಂದು ಪತ್ರಕ ಅದರ ಮೊದಲ ಮೆಟ್ಟಿಲು. ಅದರಲ್ಲಿ ಕೇಳುವುದು ಬಹಳವೇನಲ್ಲ. ವಯಸ್ಸೆಷ್ಟು, ತಂಬಾಕಿದೆಯೇ, ಮದ್ಯವಿದೆಯೇ, ಸೊಂಟದ ಸುತ್ತಳತೆಯೆಷ್ಟು, ವಾರಕ್ಕೆ 150 ನಿಮಿಷವಾದರೂ ಮೈ ದಣಿಯುತ್ತದೆಯೇ, ತಂದೆ ತಾಯಿ ಒಡಹುಟ್ಟಿದವರಲ್ಲಿ ಈ ರೋಗಗಳಿವೆಯೇ. ಗಂಡಸಿನ ಸೊಂಟ 90 ಸೆಂಟಿಮೀಟರಿನೊಳಗಿರಬೇಕು. ನನ್ನದು 104 ಇತ್ತು. ತಂಬಾಕು, ಮದ್ಯಗಳ ಪ್ರಶ್ನೆಗೆ ಹೆಮ್ಮೆಯಿಂದ ಇಲ್ಲವೆಂದೆ. ಆದರೆ ಉಳಿದ ಉತ್ತರಗಳೆಲ್ಲ ನನ್ನ ವಿರುದ್ಧವಾಗಿಯೇ ಇದ್ದವು.

ಆರೋಗ್ಯ ಕೇಂದ್ರದಲ್ಲಿ ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 168 ಬಂದಿತು. ವಾರದ ನಂತರ ಮತ್ತೊಮ್ಮೆ ನೋಡಿದಾಗ 159. ನೂರರೊಳಗಿದ್ದರೆ ಆರೋಗ್ಯ, 126ರಿಂದ ಮೇಲೆ ಸಕ್ಕರೆ ಕಾಯಿಲೆ, ನಡುವಿನದು ಹೊಸ್ತಿಲು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಇನ್ನೊಂದು ಪರೀಕ್ಷೆಯಲ್ಲಿ 8.2 ಬಂದಿತು, ಅಲ್ಲಿ 6.5 ದಾಟಿದರೆ ರೋಗವೆಂದೇ ಲೆಕ್ಕ. ರಕ್ತದೊತ್ತಡ 152ಕ್ಕೆ 96. ವೈದ್ಯೆ ಮಗಳ ವಯಸ್ಸಿನವರು. ಯಾವಾಗ ಆರಂಭವಾಗಿರಬಹುದೆಂದು ಕೇಳಿದೆ. "ಹೇಳಲಿಕ್ಕೆ ಬರುವುದಿಲ್ಲ ಸಾರ್. ಐದಾರು ವರ್ಷವೇ ಆಗಿರಬಹುದು. ಇದು ಹೇಳಿ ಬರುವ ರೋಗ ಅಲ್ಲ" ಎಂದರು.

ಹೇಳಿ ಬರುವ ರೋಗ ಅಲ್ಲವೆಂಬುದನ್ನು ನಾನು ಅವರಿಂದ ಕಲಿಯಬೇಕಾಗಿರಲಿಲ್ಲ. 2016ರಲ್ಲಿ ನಮ್ಮ ಅಣ್ಣನಿಗೆ ರಕ್ತದೊತ್ತಡವೆಂದು ಗುಳಿಗೆ ಬರೆದುಕೊಟ್ಟಿದ್ದರು. ಎರಡು ತಿಂಗಳು ತೆಗೆದುಕೊಂಡ. ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ನೇಕೆ ಗುಳಿಗೆಯೆಂದು ಬಿಟ್ಟುಬಿಟ್ಟ. "ಅಣ್ಣಾ ಹೇಳಿದ್ದು ಸರಿ" ಎಂದು ಅಂದು ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಮುಂದಿನ ಸುಗ್ಗಿಯಲ್ಲಿ ಜೋಳದ ಕಣದಲ್ಲಿ ಕುಸಿದು ಬಿದ್ದ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮೂರು ವರ್ಷ ಹಾಸಿಗೆಯಲ್ಲಿದ್ದು ಲಿಂಗೈಕ್ಯನಾದ. ಎಡಗೈಯಿಂದ ಇಷ್ಟಲಿಂಗವನ್ನು ಹಿಡಿದು, ಬಲಗೈಯಿಂದ ಪತ್ರೆ ಏರಿಸಲಾಗದೆ ಅವನು ಅಳುತ್ತಿದ್ದುದನ್ನು ನಾನು ಮರೆಯಲಾರೆ. ನೋವಿಲ್ಲದಿರುವುದು ರೋಗವಿಲ್ಲದಿರುವುದಕ್ಕೆ ಸಾಕ್ಷಿಯಲ್ಲ ಎಂಬಿಷ್ಟು ತಿಳಿವಳಿಕೆ ನಮ್ಮ ಮನೆಯಲ್ಲಿ ಆಗ ಇದ್ದಿದ್ದರೆ!

ಸೋಂಕಿನಿಂದ ಬಾರದೆ, ಬದುಕುವ ರೀತಿಯಿಂದ ಬಹುಮಟ್ಟಿಗೆ ಬೆಳೆಯುವ ಈ ರೋಗಗಳ ವಿಸ್ತಾರ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದೂ, ಅದಕ್ಕಿಂತ ಹೆಚ್ಚು ಜನ, ಸುಮಾರು ಹದಿಮೂರೂವರೆ ಕೋಟಿ, ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ವಯಸ್ಕರಲ್ಲಿ ಮೂವರಿಗೊಬ್ಬರಂತೆ ರಕ್ತದೊತ್ತಡ.

ಇಷ್ಟು ದೊಡ್ಡ ಸಂಖ್ಯೆಗಳು ಮನಸ್ಸಿಗೆ ತಾಗುವುದಿಲ್ಲ. ನನಗೆ ತಾಗಿದ್ದು ಒಂದೇ ಸಂಖ್ಯೆ. ನನ್ನ ಜೊತೆಗೆ ಬಂದಿದ್ದ ಮಗನ ರಕ್ತವನ್ನೂ ವೈದ್ಯೆ ಪರೀಕ್ಷಿಸಿದ್ದರು. ಅವನಿಗೆ ಮೂವತ್ತೆಂಟು ವರ್ಷ. ಬರಿಹೊಟ್ಟೆಯಲ್ಲಿ 114 ಇತ್ತು. ನನ್ನದು ಬಂದಾಗಿತ್ತು, ಅವನದು ಹೊಸ್ತಿಲಲ್ಲಿ ನಿಂತಿತ್ತು.

ಹೊಸ್ತಿಲಲ್ಲಿರುವವರನ್ನು ಹಿಂದಕ್ಕೆ ತರಬಹುದೆಂಬುದಕ್ಕೆ ಆಧಾರಗಳಿವೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ, ತೂಕವನ್ನು ತುಸು ಇಳಿಸಿ ವಾರಕ್ಕೆ 150 ನಿಮಿಷ ನಡೆದವರಲ್ಲಿ ರೋಗಕ್ಕೆ ಬಿದ್ದವರ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಯಿತು. ಬರಿಯ ಗುಳಿಗೆ ನುಂಗಿದವರಲ್ಲಿ ಇಳಿದದ್ದು ಶೇಕಡಾ 31 ಮಾತ್ರ. ಚೆನ್ನೈಯ ವೈದ್ಯರು ನಮ್ಮವರನ್ನೇ ಮೂರು ವರ್ಷ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಡಿಗೆ ಮತ್ತು ಪಥ್ಯಗಳಿಂದ ಆದ ಲಾಭ ಶೇಕಡಾ 28ರಷ್ಟು. ಅಮೆರಿಕದವರದಕ್ಕಿಂತ ಕಡಿಮೆಯೇ ಸರಿ. ಆದರೂ ಬೀಳುತ್ತಿದ್ದ ನಾಲ್ವರಲ್ಲಿ ಒಬ್ಬನು ಉಳಿದನೆಂದ ಹಾಗಾಯಿತು. ಆ ಒಬ್ಬ ನನ್ನ ಮಗನಾಗಲಿ ಎಂಬುದೇ ನನ್ನ ಸ್ವಾರ್ಥ.

ಇದರ ಒಳಮರ್ಮವನ್ನು ವೈದ್ಯೆ ಸರಳವಾಗಿ ತಿಳಿಸಿದರು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದನ್ನು ತುಂಬಿಕೊಳ್ಳುವ ದೊಡ್ಡ ಕಣಜ ನಮ್ಮ ಮಾಂಸಖಂಡಗಳು. ಇನ್ಸುಲಿನ್ ಆ ಕಣಜದ ಬಾಗಿಲು ತೆರೆಯುವ ಕೀಲಿ. ದುಡಿಯದ ಮೈಯಲ್ಲಿ ಕಣಜ ಖಾಲಿಯಾಗುವುದೇ ಇಲ್ಲ. ಹೊಟ್ಟೆಯ ಸುತ್ತ ಕೊಬ್ಬು ಸೇರಿದಂತೆ ಕೀಲಿಯೂ ಜಿಡ್ಡುಗಟ್ಟುತ್ತದೆ. ನಡೆದಾಡಿದರೆ ಮಾಂಸಖಂಡಗಳು ಕೀಲಿಯ ಹಂಗಿಲ್ಲದೆಯೂ ಒಂದಿಷ್ಟು ಸಕ್ಕರೆಯನ್ನು ಸೆಳೆದುಕೊಳ್ಳುತ್ತವೆ. ಉಂಡ ಮೇಲೆ ಹತ್ತು ನಿಮಿಷ ನಡೆಯಿರೆಂದು ಅವರು ಹೇಳಿದ್ದು ಇದಕ್ಕಾಗಿ. ಹಗ್ಗ ಹೊಸೆದ ಚಂದಯ್ಯನವರಿಗೂ, ಬಟ್ಟೆ ಒಗೆದ ಮಾಚಯ್ಯನವರಿಗೂ, ದೋಣಿ ನಡೆಸಿದ ಚೌಡಯ್ಯನವರಿಗೂ ಈ ಮಾತನ್ನು ಹೇಳಬೇಕಾಗಿರಲಿಲ್ಲ. ಅವರ ಕಾಯಕದ ಮೇಲೆ ಕುಳಿತಲ್ಲೇ ಪ್ರವಚನ ಮಾಡಿದ ನನಗೆ ಹೇಳಬೇಕಾಯಿತು.

ಪಥ್ಯ ಆರಂಭಿಸಿದೆ. ಏನನ್ನು ಉಣ್ಣಬೇಕೆಂಬುದು ತೊಡಕಾಗಲಿಲ್ಲ. ನಮ್ಮ ಕಡೆಯವರಲ್ಲಿ ಜೋಳ ಉಂಡರೆ ಸಕ್ಕರೆ ಬಾರದೆಂಬ ನಂಬಿಕೆ. ಇಲ್ಲಿಯವರಲ್ಲಿ ಕುಚ್ಚಲಕ್ಕಿಯ ಗಂಜಿಗೆ ಬಾರದೆಂಬ ನಂಬಿಕೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಎರಡೂ ಮೇಲೇ. ಆದರೆ ಐದು ರೊಟ್ಟಿಯೂ ಪಿಷ್ಟವೇ, ಎರಡು ಬಟ್ಟಲು ಗಂಜಿಯೂ ಪಿಷ್ಟವೇ. ಎರಡು ರೊಟ್ಟಿಗೆ ನಿಂತು, ಉಳಿದ ಜಾಗಕ್ಕೆ ಹೆಸರುಕಾಳು, ಸೊಪ್ಪು, ಮೊಸರುಗಳನ್ನು ತಂದೆ. ಪುಂಡಿಪಲ್ಯ ಸಿಗದಿದ್ದರೆ ಬಸಳೆ, ಹರಿವೆ, ಅಲಸಂಡೆಗಳಿವೆಯಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಎಂದರೆ ಒಂದು ಸಣ್ಣ ಚಮಚ. ಕರಾವಳಿಯ ಮಳೆಗಾಲದಲ್ಲಿ ಉಪ್ಪಿನಕಾಯಿ, ಹಪ್ಪಳಗಳಿಲ್ಲದೆ ಊಟವಿಲ್ಲ. ಆ ಚಮಚ ಅವುಗಳಲ್ಲೇ ಮುಗಿದುಹೋಗುತ್ತದೆಂದು ಸೊಸೆ ಲೆಕ್ಕ ಹಾಕಿ ತೋರಿಸಿದಳು. ಆ ಮಳೆಯಲ್ಲಿ ಹೊರಗೆ ನಡೆಯುವಂತಿರಲಿಲ್ಲ. ಜಗಲಿಯ ಉದ್ದ ಹದಿನೆಂಟು ಹೆಜ್ಜೆ. ಪಂಚಾಕ್ಷರಿ ಜಪಿಸುತ್ತ ಅದರಲ್ಲೇ ಹಿಂದೆ ಮುಂದೆ ನಡೆದೆ.

ಬಿಡಲು ಕಷ್ಟವಾದದ್ದು ಎಲೆಅಡಿಕೆ. ತಂಬಾಕಿಲ್ಲದ ತಾಂಬೂಲ ನಿರ್ದೋಷವೆಂದು ನಾನು ನಂಬಿದ್ದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಪಂಕ್ತಿಗೆ ಸೇರಿಸಿದೆ. ಬಂಟ್ವಾಳ, ಬೆಳ್ತಂಗಡಿಗಳ ತೋಟದ ಮನೆಗಳಲ್ಲಿ ಕುಳಿತು ಈ ಮಾತು ಆಡುವುದು ಸುಲಭವಲ್ಲ. ಮಕ್ಕಳ ಓದು, ಮದುವೆಗಳೆಲ್ಲ ನಡೆಯುವುದು ಆ ಬೆಳೆಯಿಂದ. ಬೆಳೆಯುವವರು ಇಲ್ಲಿ, ಹೆಚ್ಚು ಜಗಿಯುವವರು ಬೇರೆ ಕಡೆ. ಜಗಿಯುವವರ ಕಡೆಯವನಾಗಿ ನನ್ನ ಪಾಲಿನದನ್ನಷ್ಟೇ ಬಿಟ್ಟೆ.

ಹೀಗೆ ಮೂರು ತಿಂಗಳು ಮಗನ ಮನೆಯಲ್ಲಿ ಎಲ್ಲವೂ ನೆಟ್ಟಗೆ ನಡೆಯಿತು. ಶ್ರಾವಣಕ್ಕೆ ಊರಿಗೆ ಮರಳಿದೆ. ಶ್ರಾವಣ ಮಾಸ ಪುರಾಣ, ಪ್ರವಚನ ಹೇಳುವವನಿಗೆ ಸುಗ್ಗಿಯ ಕಾಲ. ದಿನಕ್ಕೊಂದು ಮನೆಯ ಪ್ರಸಾದ. ಸಕ್ಕರೆ ಕಾಯಿಲೆಯೆಂದು ಹೇಳಿಕೊಂಡೆ. "ಒಂದಿನಕ್ಕ ಏನಾಗೂದಿಲ್ಲ ತಗೋರಿ" ಎಂದು ಮಾದಲಿ ಬಡಿಸಿದರು. ಗೋಧಿ ಹುಗ್ಗಿ ಸುರಿದರು. ಬೇಡವೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬಿತ್ತು. ಆ ತಿಂಗಳು ನನಗೆ ಇಂಥ 'ಒಂದು ದಿನ'ಗಳು ಹತ್ತೊಂಬತ್ತು ಬಂದವು. ಅವರಲ್ಲಿ ಒಬ್ಬರೂ ನನಗೆ ಕೇಡು ಬಯಸಿದವರಲ್ಲ. ತಿಂಗಳ ಕೊನೆಗೆ ನೋಡಿದರೆ ಸಕ್ಕರೆ ಮತ್ತೆ 150ರ ಮೇಲೇರಿತ್ತು.

ಕಾರ್ತಿಕದಲ್ಲಿ ಮತ್ತೆ ಬಂಟ್ವಾಳಕ್ಕೆ ಬಂದಾಗ, ನಮ್ಮ ಬಂಧುವೊಬ್ಬರು ಧರ್ಮಸ್ಥಳದ ಶಾಂತಿವನ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಲ್ಲಿದ್ದರು. ನೋಡಿಬರಲು ಬೆಳ್ತಂಗಡಿಯ ದಾರಿ ಹಿಡಿದೆ. ಆ ತಾಲೂಕು ಈ ವಿದ್ಯೆಯ ತವರುಗಳಲ್ಲೊಂದು. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗವಿಜ್ಞಾನಗಳ ಕಾಲೇಜೇ ಇದೆ. ಬಂಧು ಹಗುರವಾಗಿದ್ದರು, ಮುಖದಲ್ಲಿ ಕಳೆಯಿತ್ತು. "ಇಲ್ಲಿ ಪಥ್ಯ ಮಾಡೂದು ಭಾಳ ಹಗುರದ ಕೆಲಸ ಶಾಸ್ತ್ರಿಗಳೇ. ಯಾರೂ ಒತ್ತಾಯ ಮಾಡಂಗಿಲ್ಲ. ಊರಿಗೆ ಹೋದಮ್ಯಾಲೆ ಐತಿ ಪರೀಕ್ಷೆ" ಎಂದರು. ಅವರು ನಗುತ್ತ ಆಡಿದ ಮಾತು ಗುರುವಾಯನಕೆರೆಯವರೆಗೂ ನನ್ನ ಕಿವಿಯಲ್ಲಿತ್ತು.

ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೆ ಹೋದೆ. ಧವಳಾದಿ ಸಿದ್ಧಾಂತ ಗ್ರಂಥಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಆ ಊರು ನನ್ನಂಥವನಿಗೆ ತೀರ್ಥವೇ. ಹಳೆಯ ವಿದ್ವಾಂಸ ಮಿತ್ರರೊಬ್ಬರು, ಜೈನರು, ಅಲ್ಲಿದ್ದಾರೆ. ಹಗಲೆಲ್ಲ ಹಳಗನ್ನಡದ ಮಾತು. ಸಂಜೆ ಐದೂವರೆಗೆ ಊಟಕ್ಕೆ ಎಬ್ಬಿಸಿದರು. ಬಡಿಸಿದ ಅವರ ಪತ್ನಿ ಒಮ್ಮೆ ಕೇಳಿದರು, ಸಾಕೆಂದೆ. ಎರಡನೆಯ ಬಾರಿ ಕೇಳಲಿಲ್ಲ. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಅಡುಗೆಮನೆಯ ಸದ್ದೇ ಇಲ್ಲ. ಏಳು ಗಂಟೆಗೆ ಯಾರೋ ಬಂಧುಗಳು ಮದುವೆಯ ಕರೆಯೋಲೆ ಹಿಡಿದು ಬಂದರು. ಬೇರೆ ಮತದವರಾದ ಅವರ ಜೊತೆಗಾರರೊಬ್ಬರು ಮಿಠಾಯಿಯ ಪೆಟ್ಟಿಗೆ ತೆರೆದರು. "ಕತ್ತಲಾಯಿತಲ್ಲ" ಎಂದಷ್ಟೇ ಮಿತ್ರರು ಅಂದರು. ಪೆಟ್ಟಿಗೆ ಮುಚ್ಚಿತು. ಯಾರಿಗೂ ಬೇಸರವಾಗಲಿಲ್ಲ, 'ಒಂದು ದಿನಕ್ಕೆ' ಎಂಬ ಮಾತೂ ಬರಲಿಲ್ಲ.

ಅಸ್ತಮಾನದೊಳಗೆ ಉಣ್ಣುವ ಜೈನರ ನಿಯಮ ಆರೋಗ್ಯಕ್ಕಾಗಿ ಹುಟ್ಟಿದ್ದಲ್ಲ, ಅಹಿಂಸೆಗಾಗಿ ಹುಟ್ಟಿದ್ದು. ಅದಕ್ಕೆ ವೈದ್ಯಶಾಸ್ತ್ರದ ಬಣ್ಣ ಬಳಿಯುವ ಆಸೆ ನನಗಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ತೀರ ಇಳಿದು ಪ್ರಾಣಕ್ಕೇ ಕುತ್ತಾದೀತು. ನಾನು ಕಂಡದ್ದು ಬೇರೆ. ನನ್ನ ಪಥ್ಯ ನನ್ನೊಬ್ಬನ ಸಂಕಲ್ಪವಾಗಿತ್ತು, ಆದ್ದರಿಂದ ಪ್ರೀತಿಯ ಒಂದು ಸೌಟಿಗೆ ಮುರಿಯಿತು. ಮಿತ್ರರದು ಎಲ್ಲರೂ ಬಲ್ಲ ನಿಯಮ. ಅದನ್ನು ಅವರೊಬ್ಬರೇ ಕಾಯಬೇಕಾಗಿರಲಿಲ್ಲ, ಎದುರಿಗಿದ್ದವರೂ ಕಾಯುತ್ತಿದ್ದರು.

ಹಾಗಾದರೆ ನಮ್ಮಲ್ಲಿ ಅಂಥ ನಿಯಮವಿಲ್ಲವೇ? ಆ ರಾತ್ರಿ ನಿದ್ರೆ ಬಾರದೆ ಯೋಚಿಸುತ್ತಿದ್ದಾಗ ಮಠದ ಬಡಿಸುವ ಅಜ್ಜ ನೆನಪಾದರು. ನಾವು ಮುನ್ನೂರು ಹುಡುಗರು ಸಾಲಾಗಿ ಕುಳಿತಿರುತ್ತಿದ್ದೆವು. ಜೋಳದ ನುಚ್ಚಿನ ಬುಟ್ಟಿ ಹಿಡಿದ ಅಜ್ಜ ಒಬ್ಬೊಬ್ಬನ ಮುಂದೆಯೂ ನಿಂತು, "ಎಷ್ಟ್ ಹಾಕ್ಲೆಪಾ?" ಎಂದು ಕೇಳದೆ ಒಂದು ತುತ್ತೂ ಹಾಕುತ್ತಿರಲಿಲ್ಲ. ಎಡೆಗೆ ಬಿದ್ದ ಮೇಲೆ ಅದು ಪ್ರಸಾದ, ಬಿಡುವಂತಿಲ್ಲ. ಆದ್ದರಿಂದ ಬೀಳುವ ಮುನ್ನವೇ ಹೇಳಬೇಕು. ಎರಡೂ ಸೇರಿ ಒಂದೇ ನಿಯಮ. ಅದರಲ್ಲಿ ಉಣ್ಣುವವನ ಅರ್ಧವನ್ನು ನಾವು ಭಕ್ತಿಯಿಂದ ಉಳಿಸಿಕೊಂಡೆವು, ಬಡಿಸುವವನ ಅರ್ಧವನ್ನು ಸಿರಿ ಬಂದಂತೆ ಮರೆತೆವು. ಹಸಿವಿನ ಕಾಲದಲ್ಲಿ ಒತ್ತಾಯವು ಕರುಣೆಯಾಗಿತ್ತು. ಬರಗಾಲ ಕಂಡ ನಮ್ಮ ಹಿರಿಯರನ್ನು ಅದಕ್ಕಾಗಿ ದೂಷಿಸಲಾರೆ. ಈಗ ನಮ್ಮ ಮನೆಗಳಲ್ಲಿ ಹಸಿದು ಬಂದವರು ಎಷ್ಟು ಜನ? ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನಾನು ನೂರಾರು ಸಭೆಗಳಲ್ಲಿ ಹೇಳಿದ್ದೇನೆ. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದ ತಾಯಿ ಆಕೆ. ಅದನ್ನು ಸಂಪತ್ತಿನ ಆಸೆಗೆ ಹಚ್ಚಿ ಅರ್ಥ ಹೇಳುತ್ತಿದ್ದೆ. ಸೌಟು ಹಿಡಿದ ಕೈಗೂ ಅದು ಸಲ್ಲುತ್ತದೆಂದು ಹೊಳೆದಿರಲಿಲ್ಲ.

ಬಂಟ್ವಾಳಕ್ಕೆ ಹಿಂದಿರುಗಿ ಮಗ ಸೊಸೆಯರೊಡನೆ ಈ ವಿಚಾರ ಮಾತನಾಡಿದೆ. ಸೊಸೆ ನೇರ ಮಾತಿನವಳು. "ಮಾವಾರ, ಒತ್ತಾಯ ಮಾಡ್ಲಿಲ್ಲಂದ್ರ ಮನಿ ಹೆಣ್ಮಗಳು ಜುಗ್ಗಿ ಅಂತ ಹೇಳ್ತಾರ್ರಿ. ಮೊದಲ ಅದನ್ನ ನೀವು ಪ್ರವಚನದಾಗ ಹೇಳ್ರಿ" ಎಂದಳು. ಇದು ನನಗೆ ತೋಚದ ಮಾತಾಗಿತ್ತು. ಬಡಿಸುವ ಕೈಗೂ ಒಂದು ಭಯವಿದೆ. ಆ ಭಯವನ್ನು ಹುಟ್ಟಿಸಿದವರು ಉಣ್ಣಲು ಕುಳಿತ ನಾವೇ.

2025ರ ಬಸವ ಜಯಂತಿಯಲ್ಲಿ ಅದನ್ನೇ ಹೇಳಿದೆ. ಕೆಲವರು ತಲೆದೂಗಿದರು. ಹಿರಿಯರೊಬ್ಬರು, ಹಬ್ಬದ ದಿನ ರೋಗದ ಮಾತೇಕೆ ಎಂದು ಮುಖ ಸಣ್ಣದು ಮಾಡಿದರು. ಆ ಹೊತ್ತಿಗೆ ನನ್ನ ಮೂರು ತಿಂಗಳ ಸರಾಸರಿ 6.9ಕ್ಕೆ ಇಳಿದಿತ್ತು. ಗುಳಿಗೆಗಳು ನಿಂತಿಲ್ಲ, ನಿಲ್ಲಿಸುವ ಹಟವೂ ನನಗಿಲ್ಲ. ಅಣ್ಣನ ಹಾದಿ ನನಗೆ ಬೇಡ. ಮಗ ಆರು ಕಿಲೋ ಇಳಿದಿದ್ದ. ಅವನ ಬರಿಹೊಟ್ಟೆಯ ಸಕ್ಕರೆ 103ಕ್ಕೆ ಬಂದಿತ್ತು. ಹೊಸ್ತಿಲು ಇನ್ನೂ ಮೂರು ಹೆಜ್ಜೆ ಹಿಂದಿದೆ.

ಪ್ರಸಾದಕ್ಕೆ ಕುಳಿತೆವು. ಹೋಳಿಗೆಯ ಬುಟ್ಟಿ ಹಿಡಿದು ಬಂದವಳು ಒಂಬತ್ತು ವರ್ಷದ ಮೊಮ್ಮಗಳು. ನನ್ನ ಮುಂದೆ ನಿಂತು, "ಎಷ್ಟು ಹಾಕಲಿ ಅಜ್ಜಾ?" ಎಂದಳು. ಅರ್ಧವೆಂದೆ. ಅವಳು ಹೋಳಿಗೆಯನ್ನು ಎರಡು ಕೈಯಲ್ಲಿ ಹಿಡಿದು ಜೋಪಾನವಾಗಿ ಮುರಿದಳು. ಒಂದು ಚೂರು ದೊಡ್ಡದಾಯಿತು, ಒಂದು ಸಣ್ಣದು. ಎರಡನ್ನೂ ತೂಗಿ ನೋಡಿ, ಸಣ್ಣದನ್ನು ನನಗೆ ಹಾಕಿ, ದೊಡ್ಡದನ್ನು ಬುಟ್ಟಿಯಲ್ಲಿಟ್ಟುಕೊಂಡು ತನ್ನ ತಂದೆಯ ಕಡೆಗೆ ಹೋದಳು. ಅವನು ಎಷ್ಟೆಂದನೋ ನನಗೆ ಕೇಳಿಸಲಿಲ್ಲ.